ಗುರುವಾರದ ನೀಲಿ ಕಾರು

ವಿಲೋ ಕ್ರೀಕ್, ಮ್ಯಾನಿಟೋಬ
ಅಕ್ಟೋಬರ್ 21, ಮಂಗಳವಾರ

ಪ್ರೀತಿಯ ಓರೆಸ್ಟ್‌ಗೆ,

'ಪ್ರೀತಿಯ' ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಇವತ್ತು ನಮ್ಮ ಸಮಾಜಸೇವೆಯ ಕ್ಲಬ್ಬಿನ ಊಟಕ್ಕೆ ನಾನು ಬಾರದ್ದು ಕೈ ಸುಟ್ಟಿದ್ದರಿಂದ ಎಂದು ಅಧ್ಯಕ್ಷ ಲಾಯ್ಡ್ ಎಲ್ಲರಿಗೂ ಹೇಳಿರುತ್ತಾನೆ. ಅದು ಸುಳ್ಳು. ಒಂದು ಬೊಬ್ಬೆ ಎದ್ದಿದೆ, ಅಷ್ಟೆ. ಇಪ್ಪತ್ತಾರು ವರ್ಷ ಪ್ರತಿ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಒಂದೇ ಮೇಜಿಗೆ ಕೂತು ಸೂಪು ಕುಡಿದವರು ನಾವು. ಏಪ್ರಿಲಿನಿಂದ ನಿನ್ನ ಮೇಜು ಬೇರೆ, ನನ್ನದು ಬೇರೆ. ಮತ್ತೆ ಅಲ್ಲಿಗೆ ಬರುವ ಮೊದಲು ಇದನ್ನೆಲ್ಲ ಹೇಳಿಬಿಡಬೇಕು.

ಈ ಆರು ತಿಂಗಳು ನಾನು ನಿನ್ನ ಮೇಲೆ ಕಣ್ಣಿಟ್ಟಿದ್ದೆ.

ಶುರುವಾದದ್ದು ನೀನು ಟ್ರಕ್ಕನ್ನು ನಮ್ಮ ಗ್ಯಾರೇಜಿನ ಬಾಗಿಲಿಗೆ ಗುದ್ದಿದ ದಿನ. "ಕುಡಿದಿದ್ದೀಯಾ?" ಎಂದು ಕೇಳಿದೆ. ನೀನು ಸ್ವಲ್ಪ ಹೊತ್ತು ಯೋಚಿಸಿ, "ಹೂಂ, ಕುಡಿದಿದ್ದೀನಿ. ಏನೀಗ?" ಎಂದು ಎದುರುತ್ತರ ಕೊಟ್ಟೆ. ನಿನ್ನ ಬಾಯಿಂದ ಕಾಫಿಯ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಾಗಿತ್ತು. ಆದರೂ ವಾರವಿಡೀ ಜಗಳ ತೆಗೆದೆ. ಮುಂದಿನ ಭಾನುವಾರ ನೀನು ಎರಡು ಪೆಟ್ಟಿಗೆ ತುಂಬಿಕೊಂಡು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಗೆ ಹೋದೆ.

ಅಲ್ಲಿಂದ ಪ್ರತಿ ಮಂಗಳವಾರವೂ ನನಗೆ ಒಂದೊಂದು ಸುಳಿವು ಸಿಗುತ್ತಿತ್ತು. ತಡವಾಗಿ ಬಂದವರಿಗೆ, ಊಟದ ನಡುವೆ ಫೋನು ಮೊಳಗಿಸಿದವರಿಗೆ ಜೋಕು ಹೇಳಿ ಡಾಲರ್ ದಂಡ ಹಾಕುವವನು ನೀನು. ಆ ಜೋಕುಗಳನ್ನು ಚೀಟಿ ನೋಡಿ ಓದುವುದನ್ನು ನೀನು ಬಿಟ್ಟೆ. ಒಂದು ದಿನ ಲಾಯ್ಡ್, "ಏನಯ್ಯಾ ಓರೆಸ್ಟ್, ಜೋಕಿನ ಚೀಟೀನೂ ಹೆಂಡ್ತಿ ಹತ್ರಾನೇ ಬಿಟ್ಟು ಬಂದ್ಯಾ?" ಎಂದ. ಎಲ್ಲರೂ ನಕ್ಕರು. ನಾನು ಸೂಪು ನೋಡುತ್ತಾ ಕೂತೆ. ನಾನು ಬಾಗಿಲಿಗೆ ಬಂದರೆ ಸಾಕು, ನೀನು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದೆ. ತಿರುಗಿದ ಮುಖದ ಎದುರಿಗೆ ಯಾವಾಗಲೂ ಗುಡ್ರುನ್ ಇರುತ್ತಿದ್ದಳು.

ಶಾಲೆಯ ಲೈಬ್ರರಿಯಿಂದ ನಿವೃತ್ತಳಾದವಳು, ಗಂಡ ತೀರಿಕೊಂಡವಳು, ಎರಡು ವರ್ಷದ ಹಿಂದೆ ಕ್ಲಬ್ಬಿಗೆ ಸೇರಿ ಅಷ್ಟರಲ್ಲೇ ಎಲ್ಲ ಸಮಿತಿಯಲ್ಲೂ ಇರುವವಳು. ಆ ನುಣುಪು ಮಾತು, ಆ ಬೂದು ಸ್ವೆಟರು, ಯಾವುದೂ ನನಗೆ ಸೇರುತ್ತಿರಲಿಲ್ಲ. ಗುರುವಾರ ಗುರುವಾರ ಅವಳ ನೀಲಿ ಕಾರಿನಲ್ಲಿ ನೀನೂ ಹೊರಡುತ್ತಿದ್ದೆ. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ ಕ್ಲಬ್ಬು ಇಟ್ಟ ಡಬ್ಬಿಗಳಿಂದ ಬಡವರಿಗೆ ಕಳಿಸುವ ಹಳೆಯ ಕನ್ನಡಕ ತರುವ ಕೆಲಸವಂತೆ. ನಾಲ್ಕು ಡಬ್ಬಿಗೆ ಇಬ್ಬರು ಬೇಕೆ? ಅದಕ್ಕೆ ಬೆಳಗಿನಿಂದ ಮೂರು ಗಂಟೆಯವರೆಗೆ ಹೊತ್ತು ಬೇಕೆ?

ಹೇಳಲು ನಾಚಿಕೆಯಾಗುತ್ತದೆ. ಸೆಪ್ಟೆಂಬರಿನ ಮೊದಲ ಗುರುವಾರ ಗೋಧಿ ಗೋದಾಮಿನ ಹಿಂದೆ ಕಾರು ನಿಲ್ಲಿಸಿಕೊಂಡು ಕಾದೆ. ವಿನಿಪೆಗ್‌ವರೆಗೂ ನಿಮ್ಮ ಹಿಂದೆಯೇ ಬಂದೆ. ಅವಳು ಇಳಿದು ನಿನ್ನ ಕಡೆಯ ಬಾಗಿಲು ತೆಗೆದಳು. ನಿನ್ನ ಮೊಣಕೈ ಹಿಡಿದುಕೊಂಡಳು. ಮಂಜುಗಡ್ಡೆಯ ಮೇಲೆ ಜಾರುವಾಗಲೂ ನನಗೆ ಕೈ ಕೊಡದ ಮನುಷ್ಯ ನೀನು! ಇಬ್ಬರೂ ಒಂದು ಇಟ್ಟಿಗೆ ಕಟ್ಟಡದೊಳಗೆ ಹೋದಿರಿ. ನಾನು ಕಾರು ತಿರುಗಿಸಿದೆ. ಬಾಗಿಲ ಮೇಲಿನ ಬೋರ್ಡು ಓದಲಿಲ್ಲ. ನನಗೆ ಬೇಕಾದದ್ದನ್ನು ಆಗಲೇ ಓದಿಕೊಂಡಿದ್ದೆ.

ಮೊನ್ನೆ ಭಾನುವಾರ ಐಸ್ ಹಾಕಿ ಮೈದಾನದ ಚಾವಣಿಗೆ ಹಣ ಕೂಡಿಸಲೆಂದು ಟರ್ಕಿ ಕೋಳಿಯ ಊಟ ಇಟ್ಟಿದ್ದೆವಲ್ಲ, ಆ ದಿನ ಎಲ್ಲರೆದುರು ನಿನ್ನ ಮಾನ ಕಳೆಯಬೇಕೆಂದೇ ಬಂದಿದ್ದೆ. ಪ್ರತಿ ವರ್ಷ ಬೆಂದ ಟರ್ಕಿಯನ್ನು ಕತ್ತರಿಸಿ ಕೊಡುತ್ತಿದ್ದ ನೀನು ಈ ಸಲ ಗ್ರೇವಿ ಸೌಟು ಹಿಡಿದು ನಿಂತಿದ್ದೆ. ಪಕ್ಕದಲ್ಲೇ ಆಲೂಗಡ್ಡೆ ಬಡಿಸುತ್ತಿದ್ದ ಗುಡ್ರುನ್. ಓಹೋ, ಇದಕ್ಕೇ ಜಾಗ ಬದಲಾಯಿಸಿದ್ದಾನೆ ಎಂದುಕೊಂಡೆ. ಪಿರೋಗಿ ಕಡುಬು ಬೇಯಿಸುವುದನ್ನು ಅರ್ಧಕ್ಕೆ ಬಿಟ್ಟು, ಏಪ್ರನ್ ಬಿಚ್ಚಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ. "ಮನೆ ಕೀಲಿ ವಾಪಸ್ ಕೊಡು" ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

ನೀನು ನನ್ನ ಕಡೆಗೇ ನೋಡಿ ನಕ್ಕೆ. "ಬನ್ನಿ ಬನ್ನಿ, ಗ್ರೇವಿ ಜಾಸ್ತಿ ಹಾಕ್ಲಾ ಅಮ್ಮಾ?" ಎಂದೆ.

ಅಮ್ಮಾ! ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ! ಅಪಹಾಸ್ಯವೆಂದು ಮೈ ಉರಿದುಹೋಯಿತು, ತಟ್ಟೆಯನ್ನು ನಿನ್ನ ಮುಂದಕ್ಕೆ ಚಾಚಿದೆ. ಅಷ್ಟರಲ್ಲಿ ನೀನು ಸೌಟು ಬಗ್ಗಿಸಿದೆ. ಕುದಿಯುತ್ತಿದ್ದ ಗ್ರೇವಿ ತಟ್ಟೆಗೆ ಬೀಳದೆ ನನ್ನ ಮಣಿಕಟ್ಟಿನ ಮೇಲೆ ಸುರಿಯಿತು. "ಓರೆಸ್ಟ್!" ಎಂದು ಕಿರುಚಿದೆ.

ಆಗ ನಿನ್ನ ಮುಖ ಬಿಳಿಚಿಕೊಂಡಿತು. "ಡೋರೀನ್? ನೀನಾ?" ಎಂದು ಕೇಳಿದೆ. ಒಂದು ಮಾರು ದೂರದಲ್ಲಿ ನಿಂತವಳನ್ನು! ಗುಡ್ರುನ್ ಗಡಿಬಿಡಿ ಮಾಡದೆ ನಿನ್ನ ಕೈಯಿಂದ ಸೌಟು ತೆಗೆದುಕೊಂಡು, "ಎಡಕ್ಕೆ ಎರಡು ಹೆಜ್ಜೆ, ಓರೆಸ್ಟ್. ಅಲ್ಲೇ ಕುರ್ಚಿ ಇದೆ" ಎಂದಳು. ನೀನು ಎಣಿಸಿದಂತೆ ಎರಡು ಹೆಜ್ಜೆ ಇಟ್ಟು, ಕುರ್ಚಿಯ ಬೆನ್ನನ್ನು ತಡವಿ ಕೂತೆ. ಆಗ ಗೊತ್ತಾಯಿತು ನನಗೆ. ಯಾರೂ ಹೇಳಬೇಕಾಗಲಿಲ್ಲ.

ಅಡುಗೆಮನೆಯ ನಲ್ಲಿಯ ಕೆಳಗೆ ಅವಳೇ ನನ್ನ ಕೈ ಹಿಡಿದಳು. ಕಣ್ಣಿನ ನಡುಭಾಗದ ನೋಟ ಹೋಗುತ್ತಿದೆ, ತಿಂಗಳಿಗೊಮ್ಮೆ ವಿನಿಪೆಗ್‌ನಲ್ಲಿ ಕಣ್ಣಿಗೆ ಇಂಜೆಕ್ಷನ್, ಮಿಕ್ಕ ಗುರುವಾರ ಓಡಾಟ ಕಲಿಸುವ ತರಗತಿ, ಅಂಚಿನಿಂದ ಮಾತ್ರ ಕಾಣುವುದರಿಂದ ಓರೆಯಾಗಿ ನೋಡುತ್ತಾನೆ ಎಂದಳು. ಅಂದರೆ ನೀನು ಮುಖ ತಿರುಗಿಸುತ್ತಿದ್ದದ್ದು ನನ್ನನ್ನು ನೋಡಲಿಕ್ಕೆ.

"ಮತ್ತೆ ನನಗ್ಯಾಕೆ ಹೇಳಲಿಲ್ಲ?" ಎಂದು ಗದರಿದೆ.

"ಮಾತು ಕೊಟ್ಟಿದ್ದೆ ಡೋರೀನ್. ಆವತ್ತು ನಿಮ್ಮ ಕಾರು ಹಿಂದೆ ಬರ್ತಿದ್ದದ್ದು ಕನ್ನಡೀಲಿ ನೋಡ್ದೆ. ನೀವೂ ಒಳಗೆ ಬರ್ತೀರೇನೋ ಅಂತ ಅವರನ್ನ ಕೂರಿಸಿ ಬಾಗಿಲಿಗೆ ಬಂದು ನಿಂತಿದ್ದೆ. ನೀವು ಬರ್ಲಿಲ್ಲ."

ಎರಡು ದಿನದಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ: ಅವಳಿಗೆ ಹೇಳಿದ್ದನ್ನು ನನಗೇಕೆ ಹೇಳಲಿಲ್ಲ? ಉತ್ತರ ನನಗೆ ಗೊತ್ತಿದೆ, ಅದನ್ನು ಬರೆಯಲು ಇಷ್ಟು ಸುತ್ತಿ ಬಂದೆ. ಹಾಸಿಗೆ ಹಿಡಿದ ನಮ್ಮಮ್ಮನನ್ನು ಹನ್ನೊಂದು ವರ್ಷ ನೋಡಿಕೊಂಡೆ. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಕೋಟು ಬಿಚ್ಚುತ್ತಾ ನಿನಗೆ ಹೇಳಿದೆ, "ಇನ್ನು ಯಾರದೇ ಆಗಲಿ, ಚಾಕರಿ ನನ್ನಿಂದ ಆಗಲ್ಲ. ನಿಂದೂ ಸೇರಿ." ನೀನು "ಸರಿ" ಎಂದಿದ್ದೆ. ಆ ಮಾತನ್ನು ನಾನು ಮರೆತೆ, ನೀನು ಮರೆಯಲಿಲ್ಲ. ಕುಡುಕನೆಂಬ ಹೆಸರನ್ನೂ ಅದಕ್ಕೇ ಹೊತ್ತುಕೊಂಡೆ.

ಆ ಮಾತು ಸುಳ್ಳೆಂದು ಈಗ ಹೇಳಲಾರೆ. ಆ ದಿನ ಅದು ನಿಜವೇ ಆಗಿತ್ತು. ಮುಂದೆಯೂ ನಾನು ಸಿಡುಕುತ್ತೇನೆ, ಕೆಲವು ದಿನ ನಿನ್ನನ್ನು ಕಂಡರೆ ರೇಗುತ್ತೇನೆ. ಆದರೆ ಬೇಡವೆನ್ನುವುದಿದ್ದರೆ ನಾನೇ ಅನ್ನುತ್ತೇನೆ, ನನ್ನ ಪರವಾಗಿ ನೀನು ಪೆಟ್ಟಿಗೆ ಕಟ್ಟಬೇಡ. ನಾಡಿದ್ದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಹಾರ್ಡ್‌ವೇರ್ ಅಂಗಡಿಯ ಮುಂದೆ ನನ್ನ ಕಾರು ನಿಂತಿರುತ್ತದೆ. ಮೊಣಕೈ ಹಿಡಿಯುವುದು ಹೇಗೆಂದು ನೀನೇ ಕಲಿಸಬೇಕು.

ಇಂತಿ,
ಇನ್ನೂ ನಿನ್ನ ಹೆಂಡತಿಯೇ ಆದ
ಡೋರೀನ್

ಮರೆತ ಮಾತು: ಗುಡ್ರುನ್, ಇದನ್ನು ಅವನಿಗೆ ಓದಿ ಹೇಳುತ್ತಿರುವವರು ನೀವೇ ಎಂದು ಮೊದಲ ಸಾಲು ಬರೆಯುವಾಗಲೇ ನನಗೆ ಗೊತ್ತಿತ್ತು. ನುಣುಪು ಮಾತು, ಬೂದು ಸ್ವೆಟರು, ಎಲ್ಲವನ್ನೂ ನಿಮ್ಮ ಬಾಯಿಂದಲೇ ಹೇಳಿಸಿದ್ದೇನೆ, ಕ್ಷಮಿಸಿ. ಗಟ್ಟಿಯಾಗಿ ಓದಿ ನೋಡಿದೆ, ಒಂಬತ್ತು ನಿಮಿಷ ಹಿಡಿಯುತ್ತದೆ. ಓರೆಸ್ಟ್, ಅದಕ್ಕಿಂತ ಬೇಗ ಮುಗಿದಿದ್ದರೆ ನನಗೆ ಹೇಳು. ಒಂದು ಸಾಲೂ ಬಿಡದೆ ಓದಿದ್ದರೆ, ಗುರುವಾರ ಅವರನ್ನೂ ಕರೆದುಕೊಂಡು ಬಾ.