ಬಾಲವಿಲ್ಲದ ಪುಟ

ಸುರಂಗದ ಕ್ಯಾಂಪು, ನಮ್ಮದೇ ಕೋಣೆ
ಮಾರ್ಚ್ ೧೪, ಶನಿವಾರ

ಪ್ರೀತಿಯ ಬಾಲ,

ನೀನು ಚೆನ್ನಾಗಿದ್ದೀಯೆಂದು ನಿನ್ನ ಎರಡೂ ಕಾಗದಗಳಿಂದ ತಿಳಿಯಿತು. ಒಂದಕ್ಕೂ ಉತ್ತರ ಬರೆಯದೆ ಕೂತವಳು ಈಗ ಯಾವ ಮುಖ ಇಟ್ಟುಕೊಂಡು ಕ್ಷೇಮ ವಿಚಾರಿಸಲಿ? ಕೆಲಸ ಹೆಚ್ಚಿತ್ತು ಎಂದು ಬರೆಯುವಂತಿಲ್ಲ, ನನ್ನ ಕೆಲಸ ಎಷ್ಟೆಂದು ನಿನಗೆ ಗೊತ್ತು. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಲೈನು ತೆರೆದಾಗ ಇಮೇಲುಗಳನ್ನು ಕಳಿಸುವುದು, ಬಂದದ್ದನ್ನು ಹಂಚುವುದು. ನಡುವಿನ ಹೊತ್ತೆಲ್ಲ ಕಿಟಕಿಯ ಪಾಲು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ 'ಪ್ರೀತಿಯ ಬಾಲ' ಎಂದು ಬರೆದು ಎದ್ದುಹೋದೆ. ಇವತ್ತು ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೇನೆ.

ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ. ಸುರಂಗ ಇನ್ನೂರು ಮೀಟರು ಮುಂದೆ ಹೋಗಿದೆ. ಸೈರನ್ ಕೂಗಿದಾಗ ನಮ್ಮ ಗೋಡೆಯ ತಗಡು ಈಗಲೂ ನಡುಗುತ್ತದೆ, ನೀನು ಮೊಳೆಗೆ ಸಿಕ್ಕಿಸಿ ಹೋದ ಕನ್ನಡಿ ಈಗಲೂ ಓರೆಯಾಗುತ್ತದೆ. ದವಾಖಾನೆಯಲ್ಲಿ ನಿನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಡಾಕ್ಟರಮ್ಮ ನಿನ್ನನ್ನು ದಿನಕ್ಕೆರಡು ಬಾರಿಯಾದರೂ ನೆನೆಯುತ್ತಾರೆ. ಮೊನ್ನೆ ಯಾರದೋ ಕೈಗೆ ಬ್ಯಾಂಡೇಜು ಸುತ್ತುತ್ತ, ಕತ್ತರಿ ಹಿಡಿದು ನಿಂತಿದ್ದ ನನಗೆ, "ನಿನ್ನ ಗೆಳತಿ ಹತ್ತಿ ಎಲ್ಲಿಟ್ಟಿದಾಳೆ ಅಂತ ಹುಡುಕಿ ಹುಡುಕಿ ನನಗೇ ಜ್ವರ ಬಂತು ಕಣೇ. ಒಂದು ಪಟ್ಟಿ ಬರೆದಿಟ್ಟು ಹೋಗಬಾರದಿತ್ತಾ?" ಎಂದರು. ಪಟ್ಟಿ ಎಂಬ ಮಾತು ಕೇಳಿ ನಾನು ಕತ್ತರಿ ಕೆಳಗೆ ಬೀಳಿಸಿದೆ.

ಡ್ರೈವರಣ್ಣ ಹಾಗೇ ಇದ್ದಾನೆ. ಪ್ರತಿ ಸೋಮವಾರ ಕೆಳಗಿನ ಊರಿಗೆ ಗಾಡಿ ಇಳಿಸುವ ಮೊದಲು ನಮ್ಮ ಸಾಲಿನ ಮುಂದೆ ಎರಡು ಸಲ ಹಾರನ್ ಹಾಕುತ್ತಾನೆ, ಯಾರಾದರೂ ಬರುವವರಿದ್ದರೆ ಓಡಿ ಬರಲಿ ಎಂದು. ಹೋದ ವಾರ ಒಬ್ಬ ನಟಿಯ ಜಾಲತಾಣದ ಪುಟ ತರಿಸಿಕೊಡು ಎಂದು ಚೀಟಿ ಕೊಟ್ಟಿದ್ದ. ತರಿಸಿಕೊಟ್ಟೆ. ಕಾಗದವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಏನಮ್ಮ ತಂಗಿ, 'ಚಿತ್ರ', 'ಚಿತ್ರ', 'ಚಿತ್ರ' ಅಂತ ಒಂಬತ್ತು ಸಲ ಬರೆದಿದೆಯಲ್ಲ, ಒಂದಾದ್ರೂ ತೋರಿಸಬಾರದಾ?" ಎಂದ.

"ನಮ್ಮ ಲೈನಲ್ಲಿ ಚಿತ್ರ ಬರಲ್ಲಣ್ಣ, ಅಕ್ಷರ ಮಾತ್ರ."

"ಹಾಗಾದ್ರೆ ಅವಳು ಹೇಗಿದಾಳೆ ಅಂತ ನೀನೇ ಬರೆದುಕೊಡು. ಸಾಹಿತ್ಯ ಓದಿದೀಯಲ್ಲ, ಮತ್ಯಾತಕ್ಕೆ ಬಂತು?"

ನೀನಿದ್ದಿದ್ದರೆ ಅವನಿಗೆ ಸರಿಯಾಗಿ ಜವಾಬು ಕೊಡುತ್ತಿದ್ದೆ. ನಾನು ನಕ್ಕು ಮುಂದಿನ ಚೀಟಿ ಕೈಗೆತ್ತಿಕೊಂಡೆ.

ಇದನ್ನೆಲ್ಲ ಬರೆಯುತ್ತ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗದೆ ಸುತ್ತು ಹಾಕುತ್ತಿದ್ದೇನೆ ಎಂದು ನಿನಗೆ ಅನ್ನಿಸಿರಬಹುದು. ನಿಜ. ಇನ್ನೊಂದು ಸುತ್ತು ಹಾಕಲು ಬಿಡು.

ಇಮೇಲ್ ಬಿಟ್ಟರೆ ಬೇರೇನೂ ಹಾಯದ ಈ ಲೈನಿನಲ್ಲಿ ನಾವು ಜಾಲತಾಣ ಓದಲು ಕಲಿತ ದಿನ ನೆನಪಿದೆಯೇ? ಯಂತ್ರ ಕೂರಿಸಲು ಬಂದವನು ಹೋಗುವಾಗ ಒಂದು ಇಮೇಲ್ ವಿಳಾಸ ಬರೆದುಕೊಟ್ಟಿದ್ದ. ಯಾವ ಪುಟ ಬೇಕೋ ಅದರ ವಿಳಾಸವನ್ನು ಬರೆದು ಅಲ್ಲಿಗೆ ಕಳಿಸಿದರೆ, ಎಲ್ಲೋ ಕೂತ ಇನ್ನೊಂದು ಯಂತ್ರ ಆ ಪುಟವನ್ನು ತೆರೆದು, ಬಣ್ಣ ಚಿತ್ರಗಳನ್ನೆಲ್ಲ ಕಳಚಿ, ಅಕ್ಷರಗಳನ್ನಷ್ಟೇ ಇಮೇಲ್ ಮಾಡಿ ನಮಗೆ ಕಳಿಸುತ್ತದೆ ಎಂದ. ಬೆಳಿಗ್ಗೆ ಕೇಳಿದ್ದು ಸಂಜೆಗೆ, ಸಂಜೆ ಕೇಳಿದ್ದು ಮರುದಿನಕ್ಕೆ. ನೀನು ಅದಕ್ಕೆ 'ಗುಮಾಸ್ತ' ಎಂದು ಹೆಸರಿಟ್ಟೆ. "ನೋಡೇ, ಪಾಪ, ಎಲ್ಲವನ್ನೂ ನಮಗೋಸ್ಕರ ಕೂತು ಬರೀತಾನೆ" ಎಂದಿದ್ದೆ. ಮೊದಲ ಪುಟ ಬಂದಾಗ ಅದರಲ್ಲಿದ್ದದ್ದೆಲ್ಲ ಬರೀ ಚೌಕಗಳು. ನಮ್ಮ ಯಂತ್ರಕ್ಕೆ ಕನ್ನಡ ಲಿಪಿ ಹಾಕಿಸಲು ಎರಡು ತಿಂಗಳು ಕಾಡಿದೆವು. ಆಮೇಲೆ ಕ್ಯಾಂಪಿನ ಅರ್ಧ ಜನ ಚೀಟಿ ಹಿಡಿದು ನನ್ನ ಮೇಜಿಗೆ ಬರತೊಡಗಿದರು. ಶಾಲೆಯಲ್ಲಿ ಎದ್ದುನಿಂತು ಪದ್ಯ ಹೇಳಲು ಹೆದರುತ್ತಿದ್ದ ನನ್ನನ್ನು ದೊಡ್ಡ ದೊಡ್ಡ ಮೇಸ್ತ್ರಿಗಳು "ಏನು ಬಂತಮ್ಮ?" ಎಂದು ಕೇಳುವುದು, ನಾನು ಓದಿ ಹೇಳಿದ್ದನ್ನು ಕೈಕಟ್ಟಿ ನಿಂತು ಕೇಳುವುದು ನನಗೆ ಇಷ್ಟವಾಗಿತ್ತು. ನಾನು ಇದೆ ಎಂದರೆ ಇದೆ. ಇಲ್ಲ ಎಂದರೆ ಇಲ್ಲ.

ಈಗ ಹೋದ ವರ್ಷದ ಮಾರ್ಚಿನ ಆ ಗುರುವಾರಕ್ಕೆ ಬರುತ್ತೇನೆ.

ನೀನು ಅರ್ಜಿ ಹಾಕಿದ್ದ ದೊಡ್ಡಾಸ್ಪತ್ರೆಯ ನರ್ಸಿಂಗ್ ಶಾಲೆಯವರು ಆಯ್ಕೆಯಾದವರಿಗೆ ಕಾಗದ ಹಾಕುವುದಿಲ್ಲ, ಪಟ್ಟಿಯನ್ನು ಜಾಲತಾಣದಲ್ಲಿ ಮಾತ್ರ ಹಾಕುತ್ತೇವೆ ಎಂದು ಅರ್ಜಿಯಲ್ಲೇ ಬರೆದಿದ್ದರು. ಸಂಜೆ ನಾಲ್ಕಕ್ಕೆ ಗುಮಾಸ್ತನ ಇಮೇಲ್ ಬಂತು. ನೀನು ನನ್ನ ಕುರ್ಚಿಯ ಹಿಂದೆ ನಿಂತಿದ್ದೆ, ಕೈಗೆ ಸ್ಪಿರಿಟ್ಟಿನ ವಾಸನೆ ಇತ್ತು. "ನೀನೇ ನೋಡು, ನನ್ನ ಕೈಲಾಗಲ್ಲ" ಎಂದು ಕಣ್ಣು ಮುಚ್ಚಿಕೊಂಡೆ. ನಾನು ನಿನ್ನ ಹೆಸರು ಬರೆದು 'ಹುಡುಕು' ಒತ್ತಿದೆ. ಸಿಗಲಿಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದೆ. ಸಿಗಲಿಲ್ಲ. "ಇಲ್ಲ ಕಣೆ" ಎಂದೆ.

ನೀನು ಆ ಸಂಜೆ ಅತ್ತೆ. ಮರುದಿನ ಎದ್ದು, ಆ ಶಾಲೆಗೆ ಹೊರಡಲು ತುಂಬಿಟ್ಟಿದ್ದ ಟ್ರಂಕಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಗ್ಗದ ಮೇಲೆ ಜೋಡಿಸಿದೆ. "ಹೋಗ್ಲಿ ಬಿಡು. ನಾವಿಬ್ರೂ ಇಲ್ಲೇ ಮುದುಕಿಯರಾಗೋಣ. ನೀನು ಓದು, ನಾನು ನಿನ್ನ ಹಲ್ಲುಸೆಟ್ಟು ತೊಳೀತೀನಿ" ಎಂದು ನಗಿಸಿದೆ. ಡ್ರೈವರಣ್ಣ ವಿಷಯ ತಿಳಿದು, "ಕೆಳಗೆ ಊರಲ್ಲಿ ಕಂಪ್ಯೂಟರ್ ಅಂಗಡಿ ಇದೆ, ಸೋಮವಾರ ಒಂದು ಸಲ ನೋಡಿಸಿಕೊಂಡು ಬರ್ಲಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ನೀನು "ಬೇಡಣ್ಣ. ಇವಳೇ ನೋಡಿದಾಳೆ" ಎಂದೆ.

ಬಾಲ, ಅದರಲ್ಲಿ ನಿನ್ನ ಹೆಸರಿತ್ತು.

ನಮ್ಮ ಲೈನಿನಲ್ಲಿ ಉದ್ದದ ಇಮೇಲ್ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಗುಮಾಸ್ತ ಪುಟವನ್ನು ತುಂಡು ಮಾಡುತ್ತಾನೆ. ಮೊದಲ ತುಂಡಿನ ಕೊನೆಗೆ, 'ಪುಟ ಮುಗಿದಿಲ್ಲ, ಉಳಿದದ್ದಕ್ಕೆ ೨ ಎಂದು ಬರೆದು ಕಳಿಸಿ' ಎಂದು ಒಂದು ಸಾಲು ಇರುತ್ತದೆ. ಆ ಗುರುವಾರ ನಾನು ಅಲ್ಲಿಯ ತನಕ ಇಳಿದು ನೋಡಲೇ ಇಲ್ಲ. ಹೆಸರುಗಳು ಅಕ್ಷರಮಾಲೆಯ ಪ್ರಕಾರ ಇದ್ದವು. ಮೊದಲ ತುಂಡು 'ಮ'ಕಾರಕ್ಕೆ ನಿಂತಿತ್ತು.

ಇದನ್ನು ಬೇರೆ ಯಾರಿಗಾದರೂ ಹೇಳಿದರೆ, ಕಣ್ತಪ್ಪು ಬಿಡಮ್ಮ ಎನ್ನಬಹುದು. ನಿನಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲಾರೆ. ಒಂದನೇ ತರಗತಿಯಿಂದ ಹತ್ತನೆಯದರ ತನಕ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ನನ್ನದು, 'ಅ'. ಕೊನೆಯ ಹೆಸರು ನಿನ್ನದು, 'ಹ'. ಮೇಷ್ಟ್ರು ನನ್ನನ್ನು ತಲೆ ಎಂದೂ ನಿನ್ನನ್ನು ಬಾಲ ಎಂದೂ ಕರೆದದ್ದು ಅದಕ್ಕೇ. ನನ್ನ 'ಹಾಜರ್' ಯಾರಿಗೂ ಕೇಳಿಸುತ್ತಿರಲಿಲ್ಲ, ನಿನ್ನದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಪಟ್ಟಿ ಎಂದರೆ ನೀನು ಅದರ ತುದಿಯಲ್ಲಿ ಇರುತ್ತೀ ಎಂದು ಈ ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ನಾನೇ ತುದಿ ನೋಡಲಿಲ್ಲ.

ಆಮೇಲೆ ಒಂದು ದಿನ, ಇಮೇಲ್ ಪೆಟ್ಟಿಗೆ ತುಂಬಿದೆ ಎಂದು ಕಚೇರಿಯ ಸಾಹೇಬರು ಗೊಣಗಿದ್ದಕ್ಕೆ ಹಳೆಯ ಇಮೇಲುಗಳನ್ನು ಅಳಿಸುತ್ತ ಕೂತಿದ್ದಾಗ ಆ ಸಾಲು ಕಣ್ಣಿಗೆ ಬಿತ್ತು. ೨ ಎಂದು ಬರೆದು ಕಳಿಸಿದೆ. ಎರಡನೆಯ ತುಂಡು ಬಂತು. ಕೊನೆಯ ಹೆಸರು ನಿನ್ನದು.

ನಿನ್ನ ಫೆಬ್ರವರಿಯ ಕಾಗದವನ್ನು ಮಡಿಕೆ ಹರಿಯುವಷ್ಟು ಓದಿದ್ದೇನೆ. ನಿನ್ನಣ್ಣ ಇಲ್ಲಿಂದ ಕರೆಸಿಕೊಂಡ ಮೇಲೆ, ಅವನ ಮನೆಯಲ್ಲಿ ಇಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಅತ್ತಿಗೆ ಕೆಲಸಕ್ಕೆ ಹೋದ ಮೇಲೆ ಪಾತ್ರೆ, ಬಟ್ಟೆ, ಮತ್ತೆ ಮಕ್ಕಳು. "ಅತ್ತಿಗೆ ಕೆಟ್ಟವರಲ್ಲ, ಆದ್ರೆ ಯಾರಾದ್ರೂ ಬಂದಾಗ ನನ್ನನ್ನ ಪರಿಚಯ ಮಾಡಿಸೋದು ಮರೀತಾರೆ" ಎಂದು ಬರೆದಿದ್ದೆ. ಅದರ ಕೆಳಗೆ ಇನ್ನೊಂದು ಮಾತಿತ್ತು. "ಬೇರೆ ಯಾರಾದರೂ ಪಟ್ಟಿ ನೋಡಿದ್ದರೆ ಸರಿಯಾಗಿ ನೋಡಿದರೋ ಇಲ್ಲವೋ ಅಂತ ಜೀವನವಿಡೀ ಕೊರೆಯುತ್ತಿತ್ತು. ನೀನು ನೋಡಿದ್ದರಿಂದ ನನಗೆ ನಿಶ್ಚಿಂತೆ." ಆ ನಿಶ್ಚಿಂತೆಯನ್ನು ಓದಿದ ಸಂಜೆಯೇ ನರ್ಸಿಂಗ್ ಶಾಲೆಯ ವಿಳಾಸ ಬರೆದು ಗುಮಾಸ್ತನಿಗೆ ಕಳಿಸಿದೆ.

ಆವತ್ತಿನಿಂದ ಆ ಶಾಲೆಯ ಒಂದೊಂದೇ ಪುಟವನ್ನು ಗುಮಾಸ್ತನಿಂದ ತರಿಸಿದೆ. ಮೂವತ್ತೆರಡು ಇಮೇಲ್. ನಿಯಮಗಳ ಪುಟದ ಐದನೆಯ ತುಂಡಿನಲ್ಲಿ, ಎಲ್ಲಕ್ಕಿಂತ ಕೆಳಗೆ, ನಮಗೆ ಬೇಕಾದದ್ದು ಸಿಕ್ಕಿತು. ಆಯ್ಕೆಯಾದವರಿಗೆ ತಮ್ಮದಲ್ಲದ ತಪ್ಪಿನಿಂದ ಸುದ್ದಿ ಮುಟ್ಟದೆ ಹೋಗಿದ್ದರೆ, ಮುಟ್ಟಿಸಬೇಕಾಗಿದ್ದವರ ಲಿಖಿತ ಹೇಳಿಕೆಯೊಂದಿಗೆ ಹಾಜರಾಗಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ, ಮುಂದಿನ ತಂಡದಲ್ಲಿ ಸ್ಥಾನ ಕೊಡುವುದನ್ನು ಪರಿಶೀಲಿಸಲಾಗುವುದು. ವರ್ಷ ತುಂಬುವುದು ಏಪ್ರಿಲ್ ಎರಡಕ್ಕೆ. ಪುಟದ ಪ್ರತಿ, ಪಟ್ಟಿಯ ಎರಡೂ ತುಂಡು, ತುಂಬಬೇಕಾದ ಅರ್ಜಿ, ನನ್ನ ಹೇಳಿಕೆ, ಎಲ್ಲವನ್ನೂ ಇದರ ಜೊತೆ ಇಟ್ಟಿದ್ದೇನೆ. ನಿನ್ನಣ್ಣನ ಆಫೀಸಿಗೆ ಇಮೇಲ್ ಮಾಡಬಹುದಿತ್ತು. ಇದು ಇನ್ನೊಬ್ಬರ ಕೈ ದಾಟಿ ನಿನಗೆ ಮುಟ್ಟುವುದು ಬೇಡ ಅನ್ನಿಸಿತು. ತುಂಡಾಗುವುದೂ ಬೇಡ.

ಹೇಳಿಕೆಗೆ ಕಚೇರಿಯ ಮೊಹರು ಬೇಕಿತ್ತು. ಸಾಹೇಬರು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದು ಇಲ್ಲಿಂದ ಹೋದ ಮೇಲೆ ನಿನ್ನನ್ನ ಆ ಕುರ್ಚೀಲಿ ಇಟ್ಕೊಳ್ಳೋದು ಕಷ್ಟ ಆಗುತ್ತಮ್ಮ. ಗೊತ್ತಲ್ಲ?"

"ಗೊತ್ತು ಸರ್."

"ತಪ್ಪು ಬರೆದಿದೀಯ, ಸರಿ. ತಾರೀಖೂ ಬರೀಲೇಬೇಕಾ?"

"ಬರೀಬೇಕು ಸರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡು ಮೊಹರು ಒತ್ತಿದರು. ತಿಂಗಳ ಕೊನೆಗೆ ನಾನು ಇಲ್ಲಿಂದ ಹೊರಡುತ್ತೇನೆ. ನನ್ನ ಬಗ್ಗೆ ಯೋಚಿಸಬೇಡ. ಒಂದು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರು ಬೇಕಂತೆ, ಕೊನೆಯ ಸಾಲಿನ ತನಕ ಓದುವವರು. ಈಗ ಆ ಕೆಲಸಕ್ಕೆ ತಕ್ಕವಳಾಗಿದ್ದೇನೆ ಅನ್ನಿಸುತ್ತದೆ.

ಅರ್ಜಿಯನ್ನು ಈ ವಾರವೇ ಹಾಕು. ಯಾರನ್ನೂ ಕೇಳುತ್ತ ಕೂರಬೇಡ, ಅತ್ತಿಗೆಗೆ ಬೇರೆಯವರು ಸಿಗುತ್ತಾರೆ. ನೀನು ಬಿಳಿ ಅಂಗಿ ತೊಟ್ಟು ವಾರ್ಡಿನಲ್ಲಿ ಒಬ್ಬೊಬ್ಬ ರೋಗಿಯನ್ನೂ ಗದರಿಸುತ್ತ ನಡೆಯುವುದನ್ನು ನೋಡುವ ಆಸೆ ನನಗಿದೆ. ದೂರದಿಂದ ನೋಡಿದರೂ ಸಾಕು. ನಿನಗೆ ಒಳ್ಳೆಯದಾಗಲಿ. ನಿನ್ನ ಹೆಸರು ಯಾವ ಪಟ್ಟಿಯ ತುದಿಯಲ್ಲಿದ್ದರೂ ಅಲ್ಲಿಯ ತನಕ ಓದುವವರು ನಿನಗೆ ಸಿಗಲಿ.

ನಿನ್ನ,
ತಲೆ

ಮರೆತಿದ್ದು ಎಂದು ಬರೆಯಹೊರಟೆ, ಆದರೆ ಮರೆತದ್ದಲ್ಲ:

ಹೇಳಿಕೆಯನ್ನು ಓದುವ ಮೊದಲು ಇದನ್ನು ಓದು. ಅದರಲ್ಲಿ ತಾರೀಖು ಇದೆ, ನಿನಗೆ ಅದು ಮೊಹರಿನ ಕೆಳಗೆ ಸಿಗುವುದು ಬೇಡ.

ಮೇಲೆ 'ಆಮೇಲೆ ಒಂದು ದಿನ' ಎಂದು ಬರೆದೆನಲ್ಲ, ಅದು ಶನಿವಾರ. ನಾನು ಇಲ್ಲ ಎಂದ ಗುರುವಾರದ ನಂತರದ ಶನಿವಾರವೇ. ಎರಡನೆಯ ತುಂಡು ಬಂದಾಗ ಸಂಜೆ ನಾಲ್ಕೂ ಹತ್ತು. ನೀನು ಶಾಲೆಗೆ ಹಾಜರಾಗಬೇಕಾಗಿದ್ದದ್ದು ಬುಧವಾರ. ನಡುವೆ ಸೋಮವಾರದ ಗಾಡಿ ಇತ್ತು.

ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂದು ವರ್ಷವಿಡೀ ನನಗೆ ನಾನೇ ಹೇಳಿಕೊಂಡೆ. ನಾಚಿಕೆಯೂ ಆಗಿತ್ತು. ಆದರೆ ಕೋಣೆಗೆ ಬಂದಾಗ ನೀನು ಖಾಲಿ ಟ್ರಂಕಿನ ಮೇಲೆ ಬಟ್ಟೆ ಹಾಸಿ, ಅದನ್ನು ನನ್ನ ಪುಸ್ತಕಗಳಿಗೆ ಮೇಜು ಮಾಡಿದ್ದೆ. ಅದನ್ನು ನೋಡಿ ನನಗೆ ಸಂತೋಷವಾಯಿತು ಬಾಲ. ನಾನು ಅಚ್ಚು ಹಾಕಿ ತಂದ ಕಾಗದವನ್ನು ಮಡಿಚಿ, ಆ ಮೇಜಿನ ಮೇಲಿದ್ದ ಪುಸ್ತಕವೊಂದರಲ್ಲೇ ಇಟ್ಟೆ.

ಸೋಮವಾರ ಬೆಳಿಗ್ಗೆ ಡ್ರೈವರಣ್ಣ ಎರಡು ಸಲ ಹಾರನ್ ಹಾಕಿದ. ನೀನು ಓರೆಯಾದ ಕನ್ನಡಿಯ ಮುಂದೆ ತಲೆ ಬಾಚುತ್ತ, ಬಾಚಣಿಗೆ ಹಾಗೇ ಹಿಡಿದುಕೊಂಡು ಕೇಳಿದೆ.

"ಇವತ್ತು ಯಾರೂ ಹೋಗೋರಿಲ್ವಾ?"

ನಾನು ಕಿಟಕಿಯಲ್ಲಿದ್ದೆ.

"ಇಲ್ಲ ಕಣೆ" ಎಂದೆ.