ನೀಲದ ಕೆಳಗಿನ ಅರ್ಧ

ಗುರುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈ.

ಅಮ್ಮನ ಉಂಗುರದ ನೀಲವನ್ನು ಅತ್ತಿಗೆ ಬದಲಾಯಿಸಿಲ್ಲ.

ಅಮ್ಮ ಹೋದಮೇಲೆ ನಿನ್ನ ಪಾಲಿಗೆ ಬಂದ ಉಂಗುರ. ಕಲ್ಲು ಅಲುಗುತ್ತದೆಂದು ರಿಪೇರಿಗೆ ಅತ್ತಿಗೆಯ ಕೈಗೆ ಕೊಟ್ಟವಳು ನೀನೇ. ಅಕ್ಕಸಾಲಿಗ ಕಲ್ಲು ಬಿಡಿಸಿದಾಗ ಅಂಚಿನಲ್ಲಿ ಅಂಟಿನ ಗೆರೆ ಕಂಡಿತು: ಮೇಲೆ ತೆಳ್ಳಗೆ ನಿಜವಾದ ನೀಲ, ಕೆಳಗೆ ಗಾಜು. ಮುಚ್ಚಿಡದೆ ಬಂದು ಹೇಳಿದವರೂ ಅತ್ತಿಗೆಯೇ. ನೀನೋ, ಹಿಂದೆ ಆ ಕಲ್ಲನ್ನು ಪರೀಕ್ಷಿಸಿ ನಾನು ಅಮ್ಮನಿಗೆ ಬರೆದುಕೊಟ್ಟಿದ್ದ ಚೀಟಿ ಹಿಡಿದು, ‘ನನ್ನ ತಂಗಿಯ ಕಣ್ಣಿಗೆ ಬೀಳದ ಗಾಜು ನಿಮ್ಮ ಕೈಗೆ ಬಂದಮೇಲೆ ಎಲ್ಲಿಂದ ಹುಟ್ಟಿತು’ ಅಂತ ಎಲ್ಲರೆದುರು ಅತ್ತಿಗೆಯನ್ನು ಕೇಳಿದೆಯಂತೆ. ಅಂದಿನಿಂದ ಅಣ್ಣನೂ ನಿನ್ನ ಮನೆ ಮೆಟ್ಟಿಲು ಹತ್ತಿಲ್ಲ. ಕಲ್ಲು ಬದಲಾಯಿಸಿದ್ದು ಅವರೇ, ಅಲ್ಲವೇನೇ ಅಂತ ನೀನು ಫೋನಿನಲ್ಲಿ ಕೇಳಿದಾಗ ನಾನು ಹೂಂ ಅಂದೆ.

ಆ ಚೀಟಿ ಬರೆದದ್ದು ಹೇಗೆ ಗೊತ್ತೇ? ಆರು ವರ್ಷದ ಹಿಂದೆ ಅಮ್ಮ ನಮ್ಮ ರತ್ನಪರೀಕ್ಷೆಯ ಲ್ಯಾಬಿಗೆ ಬಂದಿದ್ದಳು. ಉಂಗುರ ಬಿಚ್ಚಿಕೊಡು ಅಂದೆ. ಗೆಣ್ಣು ಊದಿದೆ ಕಣೇ, ಬರಲ್ಲ, ಬೇಕಾದರೆ ಕೈಸಮೇತ ನೋಡು ಅಂದಳು. ಹಾಗೇ ಕೈಯನ್ನು ಮೈಕ್ರೋಸ್ಕೋಪಿನ ಕೆಳಗೆ ತೂರಿಸಿದಳು. ಉಗುರಲ್ಲಿ ಮಣ್ಣಿದೆ, ಅದನ್ನೂ ವರದಿಯಲ್ಲಿ ಬರೆದುಬಿಟ್ಟೀಯ ಅಂತ ಎಚ್ಚರಿಕೆ ಬೇರೆ. ಪಕ್ಕದ ಮೇಜಿನವರು ನಕ್ಕಿದ್ದೇ ನಕ್ಕಿದ್ದು.

ಒಡವೆಯಲ್ಲಿ ಕೂರಿಸಿದ ಕಲ್ಲು ಪೂರ್ತಿ ಕಾಣುವುದಿಲ್ಲ, ಅಕ್ಕಾ. ಅದನ್ನು ಬೇರೆಯಾಗಿ ತೂಗಲಾಗದು; ಹಿಂಬದಿ ಮುಚ್ಚಿದ್ದರೆ ಬೆಳಕೂ ಹಾಯದು; ಚಿನ್ನದ ಪಟ್ಟಿ ಅಂಚನ್ನೇ ನುಂಗಿರುತ್ತದೆ. ಅಂಥದ್ದಕ್ಕೆ ‘ಕೂರಿಸಿದ ಸ್ಥಿತಿಯಲ್ಲಿ ಕಂಡಷ್ಟು ಮಾತ್ರ’ ಎಂಬ ಸಾಲು ಸೇರಿಸಲೇಬೇಕು. ಹೊರಗಿನವರಿಗೆ ತಪ್ಪದೆ ಸೇರಿಸುತ್ತೇನೆ. ಅಮ್ಮನಿಗೆ ಸೇರಿಸಲಿಲ್ಲ. ‘ಸಹಜ ನೀಲ’ ಎಂದಷ್ಟೇ ಬರೆದು ಸಹಿ ಹಾಕಿದೆ. ಮನೆಯವರಿಗೆ ಷರತ್ತು ಯಾಕೆ ಅಂದುಕೊಂಡೆನೋ, ಬರೀ ಸೋಮಾರಿತನವೋ.

ಅಂದು ತೆಗೆದ ಫೋಟೋ ಹುಡುಕಿದೆ. ಕಲ್ಲಿನೊಳಗೆ ಗರಿಯಂಥ ಬಿರುಕು, ಪಕ್ಕದಲ್ಲಿ ಸೂಜಿಯಂಥ ಎರಡು ಗೆರೆ. ನಿನ್ನೆ ಅಕ್ಕಸಾಲಿಗನ ಅಂಗಡಿಗೇ ಹೋಗಿ ಬಿಡಿಸಿಟ್ಟ ಕಲ್ಲು ನೋಡಿದೆ. ಅದೇ ಗರಿ, ಅದೇ ಸೂಜಿಗಳು. ಎರಡು ಕಲ್ಲುಗಳಲ್ಲಿ ಹೀಗೆ ಒಂದೇ ಥರ ಇರುವುದಿಲ್ಲ.

ಭಾನುವಾರ ಬರುತ್ತೇನೆ. ಅತ್ತಿಗೆಯ ಮನೆಗೆ ಇಬ್ಬರೂ ಹೋಗೋಣ. ನೀನು ಬರದಿದ್ದರೆ ಒಬ್ಬಳೇ ಹೋಗುತ್ತೇನೆ.

ಬೈಸಿಕೊಳ್ಳಲು ತಯಾರಾಗಿರುವ,
ನಿನ್ನ ತಂಗಿ

ತಾ.ಕ.: ಮೇಲಿನ ಪದರ ಉಳಿಸಿ ಕೆಳಗಿನದನ್ನು ಮಾತ್ರ ಬದಲಿಸಿರಬಹುದಲ್ಲ ಅಂತ ನೀನು ಕೇಳಿಯೇ ಕೇಳುತ್ತೀಯ. ಇಲ್ಲ. ಆರು ವರ್ಷದ ಹಿಂದೆಯೇ ಕೆಳಗೆ ಗಾಜಿನಲ್ಲಷ್ಟೇ ಕಾಣುವಂಥ ಗಾಳಿಗುಳ್ಳೆಗಳಿದ್ದವು. ಅಂದೇ ನೋಡಿದ್ದೆ. ಕಲ್ಲು ಒಳ್ಳೆಯದೇ ತಾನೆ ಅಂತ ಅಮ್ಮ ಕೇಳಿದಳು. ಹೌದಮ್ಮ ಅಂದೆ.