ನನ್ನ ಜಾತಿ ಬಲ್ಲ ಐವರು ಬೇಕಂತೆ

ಮಾನ್ಯ ತಹಶೀಲ್ದಾರರೇ,

ನನ್ನ ಮಗಳು ನಿರ್ಮಲಳಿಗೆ ನರ್ಸ್ ತರಬೇತಿಯ ಸೀಟು ಸಿಗಬೇಕಾದರೆ ಇದೇ ಜೂನ್ ಮೂವತ್ತರೊಳಗೆ ನಿಮ್ಮ ರುಜು ಇರುವ ಜಾತಿ ಪ್ರಮಾಣಪತ್ರ ಬೇಕು. ಇವತ್ತು ಇಪ್ಪತ್ತೆರಡು. ಆರು ವಾರಗಳಿಂದ ನೀವು ಅದನ್ನು ಕೊಟ್ಟಿಲ್ಲ. ನಿಮ್ಮ ಹೆಸರನ್ನು ನಾನು ಈ ಪತ್ರಿಕೆಯಲ್ಲಿ ಬರೆಯುವುದಿಲ್ಲ. ನಿಮಗೆ ಮಾನವಿದೆ. ನನ್ನ ಮಾನವನ್ನು ಮಾತ್ರ ಬೀದಿಯಲ್ಲಿ ಮಹಜರು ಮಾಡಿಯೇ ತೀರಬೇಕೆಂದು ತಮ್ಮ ಆದೇಶವಾಗಿದೆ.

ಏನು ಆ ಆದೇಶ? ಅರ್ಜಿದಾರ ವಾಸವಿರುವ ಮನೆಯ ಮುಂದೆ, ಅದೇ ಬೀದಿಯ ಐವರು ದೊಡ್ಡ ಮನುಷ್ಯರು ನಿಂತು, ‘ಇವನು ಆದಿ ಕರ್ನಾಟಕ ಜಾತಿಯವನೆಂದು ನಾವು ಬಲ್ಲೆವು’ ಎಂದು ಸಹಿ ಹಾಕಬೇಕು. ಸ್ವಾಮಿ, ಅವರು ಅದನ್ನು ಬಲ್ಲವರಾಗಿದ್ದರೆ ನಾನು ಆ ಬೀದಿಯಲ್ಲಿ ಇರುತ್ತಿದ್ದೆನೇ? ಹನ್ನೊಂದು ವರ್ಷ ಆ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಅವರ ಮದುವೆ ಕೋಟುಗಳಿಗೆ ಮೈಮುಟ್ಟಿ ಅಳತೆ ತೆಗೆಯಲು ಬಿಡುತ್ತಿದ್ದರೇ? ಗೊತ್ತಿದ್ದರೆ ಮನೆಯಿಲ್ಲ, ಗೊತ್ತಿಲ್ಲದಿದ್ದರೆ ಸೀಟಿಲ್ಲ. ಇಂಥ ಕಾನೂನು ಯಾರ ತಲೆಯಲ್ಲಿ ಹುಟ್ಟಿತು ಎಂದು ತಿಳಿಯುವ ಆಸೆ ನನಗಿದೆ.

ನಾನು ಜಗಳೂರು ಕಡೆಯವನು. ನಮ್ಮ ಕಡೆ ತಿಪ್ಪೇರುದ್ರಸ್ವಾಮಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಹರಕೆ ಹೊತ್ತ ತಾಯಂದಿರು ಮಗನಿಗೆ ಆ ಹೆಸರನ್ನೇ ಇಡುತ್ತಾರೆ. ನಮ್ಮ ಕೇರಿಯೊಂದರಲ್ಲೇ ಆರು ಜನ ತಿಪ್ಪೇರುದ್ರಸ್ವಾಮಿಗಳಿದ್ದೆವು. ಅಲ್ಲಿ ಆ ಹೆಸರು ಕೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಯಾರ ಮಗ ಎಂದು ಮೊದಲೇ ಗೊತ್ತಿರುತ್ತದೆ. ಎಪ್ಪತ್ತೆರಡರಲ್ಲಿ ಹೆಂಡತಿ ಓಬವ್ವ, ಐದು ವರ್ಷದ ಮಗು, ಒಂದು ಹೊಲಿಗೆ ಯಂತ್ರದ ಸಮೇತ ಬಸವಾಪಟ್ಟಣಕ್ಕೆ ಬಂದು ಬಾಡಿಗೆ ಮನೆ ಕೇಳಿದಾಗ ಮನೆಯೊಡತಿ ಅಜ್ಜಮ್ಮನವರು ಹೆಸರು ಕೇಳಿದರು. ಹೇಳಿದೆ.

“ಸ್ವಾಮಿ ಅಂತ ಹೆಸ್ರಿಟ್ಕಂಡು ಬಾಗ್ಲಾಗೆ ಯಾಕಪ್ಪ ನಿಂತೀಯ, ಒಳಗೆ ಬಾ” ಅಂದರು. ಆಮೇಲೆ ನನ್ನ ಕೊರಳು ನೋಡಿ, “ಲಿಂಗಾನೇ ಇಲ್ವಲ್ಲೋ! ಈಗಿನ ಹುಡುಗ್ರಿಗೆ ಹೆಂಗೆ ಬುದ್ಧಿ ಹೇಳಾಕೆ ಆಗ್ತೈತೆ?” ಎಂದು ತಾವೇ ಬೈದುಕೊಂಡರು.

ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಕೈಯಲ್ಲಿ ನಿದ್ದೆಹೋದ ಮಗು, ತಲೆಯ ಮೇಲೆ ಮೊದಲ ಬಾರಿಗೆ ಹೆಂಚಿನ ಸೂರು. ನೀವಾಗಿದ್ದರೆ ಹೇಳುತ್ತಿದ್ದಿರಾ? ಅಲ್ಲಿಂದ ಮುಂದೆ ಎಲ್ಲವೂ ತಾನಾಗಿಯೇ ನಡೆದುಹೋಯಿತು. ಹುಟ್ಟಿದೂರಿನಲ್ಲಿ ನಮ್ಮ ಕಪ್ಪು ಮೈ ನಮ್ಮ ಕೇರಿಯ ಗುರುತಾಗಿತ್ತು. ಇಲ್ಲಿ ಅದೇ ಬಣ್ಣ ಜಗಳೂರಿನ ಬಿಸಿಲು ಎನಿಸಿಕೊಂಡಿತು. “ಪಾಪ, ಬಯಲುಸೀಮೆಯೋರು, ಬೆಂದು ಹೋಗ್ಯಾರೆ” ಅಂದರು ಜನ. ಮೈಯೂ ಅದೇ, ನಾನೂ ಅವನೇ. ಬಸ್ಸಿನಲ್ಲಿ ಒಂದು ದಿನದ ದಾರಿ ಬಂದದ್ದಷ್ಟೇ. ನಿರ್ಮಲಳನ್ನು ಶಾಲೆಗೆ ಸೇರಿಸುವ ದಿನ ನಾನು ದಾರ, ಗುಂಡಿ ತರಲು ದಾವಣಗೆರೆಗೆ ಹೋಗಿದ್ದೆ. ಅಜ್ಜಮ್ಮನವರೇ ಕೈಹಿಡಿದು ಕರೆದುಕೊಂಡು ಹೋಗಿ, ಮೇಷ್ಟರಿಗೆ ತಮ್ಮ ಜಾತಿಯನ್ನೇ ಹೇಳಿ ಬರೆಸಿ ಬಂದರು. ಪ್ರೀತಿಯಿಂದಲೇ ಮಾಡಿದರು.

ಒಮ್ಮೆ ನನ್ನ ತಾಯಿ ಹೊನ್ನೂರಮ್ಮ ಮೊಮ್ಮಗಳನ್ನು ನೋಡಲು ಬಂದಳು. ಎಲ್ಲ ಹೇಳಿಕೊಟ್ಟೇ ಒಳಗೆ ಕರೆದಿದ್ದೆ. ಅಜ್ಜಮ್ಮನವರು ಚೊಂಬಿನಲ್ಲಿ ನೀರು ಕೊಡಲು ಬಂದರೆ, ನಮ್ಮವ್ವ ಚೊಂಬು ಹಿಡಿಯಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದಳು.

“ಇದೇನವ್ವ, ಚೊಂಬು ಹಿಡಿಯಾಕೆ ಬರಲ್ವೇನು?” ಎಂದು ಅಜ್ಜಮ್ಮನವರು ನಕ್ಕರು. ಕೈಯಲ್ಲಿ ಶಕ್ತಿಯಿಲ್ಲ ಎಂದು ನಾನು ಅಡ್ಡ ಬಂದೆ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿಬಿಟ್ಟೆ, ಬೈದು.

“ತಪ್ಪಾತು ಮಗಾ, ಕೈ ತಾನೇ ಹಂಗೆ ಹೋತು. ಇನ್ನು ನಾ ಬರಲ್ಲ ಬಿಡು” ಅಂದಳು.

ಬರಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡಳು. ಹೆತ್ತ ತಾಯಿಗೆ ಹಾಗೆ ಮಾಡಿದವನು ನಾನು. ಇದನ್ನು ನಿಮ್ಮ ಯಾವ ನಮೂನೆಯಲ್ಲಿ ತುಂಬಬೇಕು, ಹೇಳಿ.

ಈಗ ಮಗಳು ಮೆಟ್ರಿಕ್ ಪಾಸಾಗಿದ್ದಾಳೆ. ಅವಳ ಅಂಕಕ್ಕೆ ಮೀಸಲು ಸೀಟು ಬಿಟ್ಟರೆ ಬೇರೆ ದಾರಿಯಿಲ್ಲ. ನಿಮ್ಮ ರೆವಿನ್ಯೂ ಇನ್ಸ್‌ಪೆಕ್ಟರು ಶಾಲೆಯ ದಾಖಲೆ ನೋಡಿ ಬಿದ್ದುಬಿದ್ದು ನಕ್ಕರು. “ಇಲ್ಲಿ ಹಿಂಗೈತೆ, ನೀವು ಹಂಗಂತೀರಿ. ಮ್ಯಾಗಿಂದ ಕೆಳಗಿಳಿಯಾಕೆ ಅರ್ಜಿ ಹಾಕಿದೋರ್ನ ನಾ ನೋಡೇ ಇಲ್ಲ ಕಣ್ರಿ!” ಅಂದರು. ಜಗಳೂರು ಕಡೆಯ ನಮ್ಮ ಕೇರಿಯ ಹಿರಿಯ ಜುಂಜಪ್ಪ ಹೆಬ್ಬೆಟ್ಟು ಒತ್ತಿಕೊಟ್ಟ ಪತ್ರ ತಂದು ಮುಂದಿಟ್ಟೆ. ಅದು ಚಿತ್ರದುರ್ಗ ಜಿಲ್ಲೆ, ಇದು ಶಿವಮೊಗ್ಗ ಜಿಲ್ಲೆ, ನಡೆಯುವುದಿಲ್ಲ ಎಂದರು. ಜಗಳೂರಿನ ಕಚೇರಿಗೆ ಹೋದರೆ, ಹನ್ನೊಂದು ವರ್ಷದಿಂದ ಇಲ್ಲಿಲ್ಲದವನಿಗೆ ನಾವು ಹೆಂಗೆ ಕೊಡಾಕೆ ಬರ್ತೈತೆ ಎಂದರು. ಹಾಗಾದರೆ ನಾನು ಯಾವ ಜಿಲ್ಲೆಯಲ್ಲಿ ಯಾವ ಜಾತಿ? ಊರು ಬಿಟ್ಟವನನ್ನು ಜಾತಿ ಬಿಡಲಿಲ್ಲ, ಸರ್ಕಾರ ಮಾತ್ರ ಎರಡೂ ಕಡೆ ಬಿಟ್ಟಿತು.

ಮಹಜರು ನಡೆಸಬೇಡಿ ಎಂದು ನಾಲ್ಕು ಸಲ ಕೈಮುಗಿದೆ. ವಿಚಾರಣೆಯನ್ನು ಹುಟ್ಟಿದೂರಿನಲ್ಲಿ ಮಾಡಿ, ಅಲ್ಲಿ ಐವರಲ್ಲ, ಐನೂರು ಜನ ಹೇಳುತ್ತಾರೆ ಎಂದೆ. ನೀವು ತಲೆಯೆತ್ತಲಿಲ್ಲ. ಇನ್ನು ಬೇಡುವುದಿಲ್ಲ. ನಿಮ್ಮ ಮಹಜರನ್ನು ನಾನೇ ಮಾಡಿ ಮುಗಿಸುತ್ತಿದ್ದೇನೆ. ನಾನು ಆದಿ ಕರ್ನಾಟಕ ಜಾತಿಯವನು, ನನ್ನ ಮಗಳೂ ಹೌದು. ಈ ಪತ್ರಿಕೆ ಓದುವವರೆಲ್ಲ ಇವತ್ತಿನಿಂದ ಇದನ್ನು ಬಲ್ಲರು. ಸಾಕ್ಷಿ ಸಾಲದೇ?

ಅಜ್ಜಮ್ಮನವರಿಗೆ ಓದಲು ಬಾರದು. ದಿನಾ ಬೆಳಿಗ್ಗೆ ಅವರಿಗೆ ಪತ್ರಿಕೆ ಓದಿ ಹೇಳುವವಳು ನಿರ್ಮಲ. ಇದು ಅಚ್ಚಾಗುವ ದಿನ ಬೇರೆಯವರ ಬಾಯಲ್ಲಿ ಕೇಳಲಿ ಬಿಡು ಮಗಳೇ ಎಂದೆ. ಒಪ್ಪಲಿಲ್ಲ. “ಇಲ್ಲಪ್ಪ, ನಾನೇ ಪಕ್ಕದಾಗೆ ಕೂತು ಓದ್ತೀನಿ. ನನ್ನ ಶಾಲೆಗೆ ಕರ್ಕಂಡು ಹೋದೋರು ಅವ್ರು” ಅಂದಳು. ಓದಿ ಮುಗಿಸಿದ ಮೇಲೆ ಆ ಮನೆಯಲ್ಲಿ ನಮಗೆ ಜಾಗವಿರುತ್ತದೋ ಇಲ್ಲವೋ ಗೊತ್ತಿಲ್ಲ. ಪ್ರಮಾಣಪತ್ರವನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ಹೇಳಲಾರೆ. ಅದಕ್ಕಾಗಿ ಮೂವತ್ತರವರೆಗೆ ದಿನವೂ ನಿಮ್ಮ ಕಚೇರಿಯ ಬಾಗಿಲಿನಲ್ಲಿ ನಿಂತಿರುತ್ತೇನೆ. ಕೈಗೇ ಕೊಡಿ.

ಇಂತಿ,
ಇದು ಅಚ್ಚಾಗುವವರೆಗೆ ಅಜ್ಜಮ್ಮನವರ ಮನೆಯ ಬಾಡಿಗೆದಾರ,
ತಿಪ್ಪೇರುದ್ರಸ್ವಾಮಿ, ದರ್ಜಿ
ಬಸವಾಪಟ್ಟಣ, ೨೨ ಜೂನ್ ೧೯೮೩